ಮಾಸ್ತರರು ಭಾರ ಎತ್ತಿದ್ದು



ಒಂದು ತಿಂಗಳಿನಿಂದ ನಮ್ಮ ಮನೆಯ ದೂರವಾಣಿಗೆ ಬಿಡುವಿಲ್ಲ. ಎತ್ತಿದ ಕೂಡಲೇ ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ಒಂದೇ: "ಸರ್, ನಾವು ಕೇಳಿದ್ದು ಖರೇನ್ರಿ?" ಬಾಗಲಕೋಟೆಯಲ್ಲಿರುವ ನನ್ನ ಸೋದರಮಾವನ ಮಗನಂತೂ, "ಪಿಂಚಣಿ ಸಾಲವಲ್ದೇನೋ? ಈ ವಯಸ್ಸಿನಾಗ ಹಮಾಲಿ ಮಾಡಾಕ ಹೊಂಟೀಯಂತ!" ಎಂದು ಗಹಗಹಿಸಿ ನಕ್ಕ.

ಕೇಳಿದ್ದು ನಿಜ. ಅರವತ್ತಾರು ತುಂಬಿದ ನಾನು ದಾವಣಗೆರೆಯಲ್ಲಿ ನಡೆದ ಪವರ್‌ಲಿಫ್ಟಿಂಗ್ ಸ್ಪರ್ಧೆಯೊಂದರ ಹಿರಿಯರ ವಿಭಾಗದಲ್ಲಿ ಭಾಗವಹಿಸಿದೆ. ಮೂರು ಬಗೆಯಲ್ಲಿ ಎತ್ತಿದ್ದು ಸೇರಿ ಒಟ್ಟು 212.5 ಕಿಲೋ ನನ್ನ ಲೆಕ್ಕಕ್ಕೆ ಬಂದಿತು. ಕೊರಳಿಗೆ ಬೆಳ್ಳಿಯ ಪದಕವೂ ಬಿದ್ದಿತು. ಅದರ ಭಾವಚಿತ್ರವನ್ನು ನನ್ನ ಮಗಳು ಬಂಧುಬಳಗಕ್ಕೆಲ್ಲ ಹಂಚಿಬಿಟ್ಟಿರುವುದರಿಂದ ಒಂದು ಸತ್ಯವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ವಯೋಮಾನದಲ್ಲಿ, ನನ್ನ ದೇಹತೂಕದ ವರ್ಗದಲ್ಲಿ ಸ್ಪರ್ಧಿಗಳಿದ್ದುದು ಇಬ್ಬರೇ! ಆ ಇನ್ನೊಬ್ಬರು ನನಗಿಂತ ಎಪ್ಪತ್ತು ಕಿಲೋ ಹೆಚ್ಚು ಎತ್ತಿದರು.

ಪದಕದ ಕಥೆ ಇಷ್ಟೇ. ಈ ಬರಹಕ್ಕೆ ಕಾರಣ ಬೇರೆ ಇದೆ. 1994ರ ಜೂನ್ ತಿಂಗಳಲ್ಲಿ ಒಂಬತ್ತನೆಯ ತರಗತಿಯ ಕೊನೆಯ ಬೆಂಚಿನಿಂದ ನನಗೊಂದು ಪ್ರಶ್ನೆ ಬಂದಿತ್ತು. ಅದಕ್ಕೆ ನಾನು ಉತ್ತರ ಕೊಡಲಿಲ್ಲ, ಕೊಟ್ಟದ್ದು ಬೇರೇನನ್ನೋ. ಅಂದು ಆ ಕೋಣೆಯಲ್ಲಿ ಕುಳಿತಿದ್ದವರಲ್ಲಿ ಕೆಲವರಾದರೂ ಇದನ್ನು ಓದುತ್ತೀರಿ. ನೀವೆಲ್ಲ ನಕ್ಕದ್ದು ನಿಮಗೆ ನೆನಪಿರಲಿಕ್ಕಿಲ್ಲ. ನಗಿಸಿದವನಿಗೆ ನೆನಪಿದೆ.

ಮೊದಲು ಗುಂಡಿನ ವಿಷಯ. ನಮ್ಮ ಸೀಮೆಯಲ್ಲಿ ಬೆಳೆದವರಿಗೆ ಅದನ್ನು ಪರಿಚಯಿಸಬೇಕಾಗಿಲ್ಲ. ಆದರೆ ಬೆಂಗಳೂರು, ಅಮೆರಿಕಗಳಲ್ಲಿ ಹುಟ್ಟಿದ ನಮ್ಮ ಮೊಮ್ಮಕ್ಕಳಿಗೆ ಗುಂಡು ಎಂದರೆ ಬಂದೂಕಿನದೋ ಬಾಟಲಿಯದೋ ಎಂಬ ಅನುಮಾನ ಬಂದೀತು. ಹಣಮಪ್ಪನ ಗುಡಿಯ ಮುಂದೆ ಅಥವಾ ಊರ ಅಗಸಿಯ ಪಕ್ಕದಲ್ಲಿ ವರ್ಷವಿಡೀ ಸುಮ್ಮನೆ ಬಿದ್ದಿರುವ, ಕೈ ಜಾರುವಷ್ಟು ನುಣುಪಾದ ದುಂಡು ಕಲ್ಲದು. ಕಾರ ಹುಣ್ಣಿಮೆಗೋ ಜಾತ್ರೆಗೋ ಅದಕ್ಕೆ ಜೀವ ಬರುತ್ತದೆ. ಹರೆಯದ ಹುಡುಗರು ಒಬ್ಬೊಬ್ಬರಾಗಿ ಮುಂದೆ ಬಂದು, ಅಂಗೈಗೆ ಮಣ್ಣು ತಿಕ್ಕಿಕೊಂಡು, ಕುಕ್ಕರುಗಾಲಿನಲ್ಲಿ ಕುಳಿತು, ಗುಂಡನ್ನು ಮೊದಲು ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರಿಸಿ ಬೆನ್ನ ಹಿಂದಕ್ಕೆ ಒಗೆಯುತ್ತಾರೆ. ಹಿಡಿಯಿರುವ ಸಂಗ್ರಾಣಿ ಕಲ್ಲಿನದು ಬೇರೆ ಪಟ್ಟು, ಉಸುಕಿನ ಚೀಲದ್ದು ಬೇರೆ ಪಟ್ಟು. ರಾಯಚೂರಿನಲ್ಲಿ ಮುನ್ನೂರುಕಾಪು ಸಮಾಜದವರು ಕಾರ ಹುಣ್ಣಿಮೆಗೆ ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಟನ್ನುಗಟ್ಟಲೆ ಭಾರದ ಕಲ್ಲು ಎಳೆಯುವುದನ್ನು ನೋಡಲು ಜನಸಾಗರ ಸೇರುತ್ತದೆ. ಕಲ್ಲು ಎತ್ತುವ, ಉಸುಕಿನ ಚೀಲ ಎತ್ತುವ ಸ್ಪರ್ಧೆಗಳೂ ಕುಸ್ತಿಯೂ ಅದೇ ಹಬ್ಬದ ಭಾಗ.

ಇದು ನಮ್ಮವರಿಗೆ ಮಾತ್ರ ಅಂಟಿದ ಹುಚ್ಚು ಎಂದುಕೊಳ್ಳಬೇಡಿ. ಐಸ್‌ಲೆಂಡಿನ ಪಶ್ಚಿಮದ ಒಂದು ಕಡಲ ದಂಡೆಯಲ್ಲಿ ಇಂದಿಗೂ ನಾಲ್ಕು ಕಲ್ಲುಗಳಿವೆ: 154, 100, 54 ಮತ್ತು 23 ಕಿಲೋ. ಅವುಗಳ ಹೆಸರುಗಳನ್ನು ಕನ್ನಡಿಸಿದರೆ ಪೂರ್ಣ ಬಲದವ, ಅರೆಬಲದವ ಎಂದು ಆರಂಭವಾಗಿ ಕೈಲಾಗದವ ಎಂಬಲ್ಲಿಗೆ ಮುಗಿಯುತ್ತವೆ. ಹಿಂದೆ ಮೀನುಗಾರಿಕೆಯ ದೋಣಿಗೆ ಸೇರಬಯಸುವ ತರುಣ ಈ ಕಲ್ಲುಗಳನ್ನು ಎತ್ತಿ ತೋರಿಸಬೇಕಿತ್ತು. 54 ಕಿಲೋದ ಕಲ್ಲನ್ನು ಎತ್ತಲಾರದವನಿಗೆ ದೋಣಿಯಲ್ಲಿ ಜಾಗವಿರಲಿಲ್ಲ. ಕಲ್ಲೇ ಅವರ ಪ್ರವೇಶ ಪರೀಕ್ಷೆ!

ಇನ್ನು 1994ಕ್ಕೆ ಬರುತ್ತೇನೆ. ಕಾರ ಹುಣ್ಣಿಮೆಯ ಮರುದಿನ. ನಾನು 'ಕೆಲಸ ಮತ್ತು ಶಕ್ತಿ' ಎಂಬ ಪಾಠ ಮಾಡುತ್ತಿದ್ದೆ. ಕೆಲಸ ಎಂದರೆ ಬಲವನ್ನು ಸ್ಥಾನಪಲ್ಲಟದಿಂದ ಗುಣಿಸಿದ್ದು ಎಂದು ಕಪ್ಪು ಹಲಗೆಯ ಮೇಲೆ ಬರೆದು, ವಸ್ತು ಕದಲದಿದ್ದರೆ ಎಷ್ಟೇ ಬಲ ಹಾಕಿದರೂ ಕೆಲಸ ಸೊನ್ನೆ ಎಂದು ವಿವರಿಸುತ್ತಿದ್ದೆ. ಕೊನೆಯ ಬೆಂಚಿನಲ್ಲಿ, ಮುದಗಲ್ಲಿನ ಹತ್ತಿರದ ಹಳ್ಳಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗ ಕುಳಿತಿದ್ದ. ಹಿಂದಿನ ದಿನ ತನ್ನೂರಿನ ಗುಂಡನ್ನು ಮೊದಲ ಬಾರಿಗೆ ಹೆಗಲ ಮೇಲಿಂದ ಒಗೆದಿದ್ದನಂತೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಕಿತ್ತು ಹೋಗಿ ಲೇಖನಿ ಹಿಡಿಯಲು ಆಗುತ್ತಿರಲಿಲ್ಲ. ಬರೆಯದೆ ಕುಳಿತಿದ್ದುದನ್ನು ಕಂಡು ನಾನು ಮೊದಲೇ ಸಿಡುಕಿದ್ದೆ. ಅವನು ಎದ್ದು ನಿಂತು ಕೇಳಿದ:

"ಸರ್, ಗುಂಡ ಎತ್ತೀನಿ, ಎದಿ ಮ್ಯಾಲ ಹಿಡಕೊಂಡು ಹಂಗ ನಿಂತೀನಿ. ಅದು ಮ್ಯಾಲೂ ಹೋಗವಲ್ದು, ಕೆಳಗೂ ಬರವಲ್ದು. ಆವಾಗ ನಾ ಕೆಲಸ ಮಾಡಾಕತ್ತೀನೋ ಇಲ್ಲೋ? ಕೆಲಸಿಲ್ಲಂದ್ರ ಬೆವರು ಯಾಕ ಬರತೈತ್ರಿ?"

ಸೊನ್ನೆ ಎಂಬುದು ನನಗೆ ಗೊತ್ತಿತ್ತು. ಬೆವರು ಏಕೆ ಎಂಬುದು ಗೊತ್ತಿರಲಿಲ್ಲ. ಬಿ.ಎಡ್. ಓದುವಾಗ ನಮಗೆ ಸ್ಪಷ್ಟವಾಗಿ ಕಲಿಸಿದ್ದರು: ತಿಳಿಯದ ಪ್ರಶ್ನೆ ಬಂದಾಗ ಶಿಕ್ಷಕನು 'ನೋಡಿ ನಾಳೆ ಹೇಳುತ್ತೇನೆ' ಎನ್ನಬೇಕು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕವನ್ನೂ ಪಡೆದಿದ್ದೆ. ಆದರೆ ಮೂವತ್ತೈದರ ಹಮ್ಮಿನಲ್ಲಿದ್ದ ನಾನು ಅಂದದ್ದು ಇಷ್ಟು: "ಗುಂಡು ಎತ್ತುವವನ ತಲೆಯಲ್ಲಿಯೂ ಗುಂಡೇ ಇರುತ್ತದೆ. ಕುಳಿತುಕೋ." ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ, ಪಾಪ. ಕೆಲವು ದಿನ ಅವನನ್ನು ಹುಡುಗರು 'ಗುಂಡು' ಎಂದೇ ಕರೆದರು.

ದಸರೆಯ ಹೊತ್ತಿಗೆ ಅವನು ಶಾಲೆ ಬಿಟ್ಟ. ನನ್ನ ಮಾತಿನಿಂದಲೇ ಬಿಟ್ಟ ಎಂದು ಹೇಳಲಾರೆ. ಮನೆಯಲ್ಲಿ ಸಾಲವಿತ್ತು, ತಂದೆ ತಾಯಿ ಗುಳೆ ಹೊರಟಿದ್ದರು. ಆದರೆ ನಡುವಿನ ಮೂರು ತಿಂಗಳಲ್ಲಿ ಅವನು ನನಗೆ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಇದನ್ನು ಮಾತ್ರ ನಾನು ಯಾರ ಮೇಲೂ ಹೊರಿಸುವಂತಿಲ್ಲ.

ಮತ್ತೆ ಅವನು ಸಿಕ್ಕಿದ್ದು ಎರಡು ವರ್ಷದ ಹಿಂದಿನ ಮೊಹರಂನಲ್ಲಿ. ನಮ್ಮೂರ ಮೊಹರಂ ನಿಮಗೆ ಗೊತ್ತೇ ಇದೆ. ಹುಸೇನಿ ಆಲಂ ನೋಡಲು ಎಲ್ಲೆಲ್ಲಿಂದಲೋ ಬರುವ ಜನ, ಹಲಗೆಯ ಸದ್ದು, ಹಿಂದೂ ಮುಸ್ಲಿಂ ಎನ್ನದೆ ಹರಕೆ ತೀರಿಸುವವರು. ಕೋಟೆಯೊಳಗೆ ಪರಿಚಿತರೊಬ್ಬರ ಮನೆಯಲ್ಲಿ ಪ್ರಸಾದಕ್ಕೆಂದು ನೆಲದ ಮೇಲೆ ಕುಳಿತವನು ಏಳಲು ಹೋದೆ, ಆಗಲಿಲ್ಲ. ಎರಡು ಕೈ ಊರಿದರೂ ಆಗಲಿಲ್ಲ. ಹಿಂದಿನಿಂದ ಯಾರೋ ಕಂಕುಳಿಗೆ ಕೈಯಿಟ್ಟು ಜೋಳದ ಚೀಲ ಎತ್ತಿದಷ್ಟು ಹಗುರವಾಗಿ ನನ್ನನ್ನು ಎತ್ತಿ ನಿಲ್ಲಿಸಿದರು. ತಿರುಗಿ ನೋಡಿದರೆ, ಕಿವಿಯ ಬಳಿ ನರೆತ ಕೂದಲು, ಅದೇ ಮುಖ.

"ಮಣಕಾಲಿನ ದೋಷ ಅಲ್ರಿ ಸರ್. ತೊಡಿ ಬಲ ಹೋಗೈತಿ. ಬಲ ಮತ್ತ ಬರತೈತಿ, ನಾಳಿಗೆ ಬರ್ರಿ" ಎಂದ.

(ತನ್ನ ಹೆಸರನ್ನು ಬರೆಯಬಾರದೆಂದು ಅವನು ಕೇಳಿಕೊಂಡಿದ್ದಾನೆ. ಊರಿನವರಿಗೆ ತಿಳಿಯುತ್ತದೆ, ಉಳಿದವರು ಊಹಿಸುವುದು ಬೇಡ.)

ಅವನು ಗುಳೆ ಹೋದದ್ದು ಪುಣೆಗೆ. ಅಲ್ಲಿನ ಮಾರುಕಟ್ಟೆಯಲ್ಲಿ ಹಲವು ವರ್ಷ ಹಮಾಲಿ ಮಾಡಿದ. ಸಂಜೆ ಹೊತ್ತು ತಾಲೀಮಿಗೆ ಹೋಗುವ ಗೆಳೆಯರ ಜೊತೆ ಸೇರಿ ಪವರ್‌ಲಿಫ್ಟಿಂಗ್ ಕಲಿತು, ಸ್ಪರ್ಧೆಗಳಲ್ಲಿ ಗೆದ್ದು, ಕೂಡಿಟ್ಟ ಹಣದಲ್ಲಿ ರಾಡು, ಪ್ಲೇಟು ಕೊಂಡು ಊರಿಗೆ ಮರಳಿ, ತಗಡಿನ ಮಾಡಿನ ಒಂದೇ ಕೋಣೆಯಲ್ಲಿ ಜಿಮ್ ನಡೆಸುತ್ತಿದ್ದಾನೆ. ಮುದಗಲ್ಲಿನಲ್ಲಿಯೇ ಇದ್ದ ನನಗೆ ಇದರ ಸುಳಿವೂ ಇರಲಿಲ್ಲ. ಅಂಥ ಕಡೆ ನಾನು ತಲೆ ಹಾಕುವವನೇ ಅಲ್ಲವಲ್ಲ.

ಮರುದಿನ ಹೋದೆ. ಮೊದಲು ಅವನು ನನ್ನನ್ನು ಲಿಂಗಸುಗೂರಿನ ವೈದ್ಯರ ಬಳಿಗೆ ಕಳಿಸಿದ. ರಕ್ತದೊತ್ತಡ, ಹೃದಯ ಎಲ್ಲ ನೋಡಿಸಿ ಚೀಟಿ ತಂದ ಮೇಲೆಯೇ ಒಳಗೆ ಸೇರಿಸಿದ್ದು. ಕೈಗೆ ಕೊಟ್ಟದ್ದು ಒಂದು ಬಿದಿರಿನ ಕೋಲು! ಮೂರು ವಾರ ಆ ಕೋಲನ್ನು ಹೆಗಲ ಮೇಲಿಟ್ಟುಕೊಂಡು ಬಸ್ಕಿ ಹೊಡೆದೆ. ನಿಮ್ಮಲ್ಲಿ ಎಷ್ಟು ಜನರಿಗೆ ನಾನು ಬಸ್ಕಿ ಹೊಡೆಸಿದ್ದೇನೋ ಲೆಕ್ಕವಿಲ್ಲ. ಅದನ್ನು ಶಿಕ್ಷೆಯೆಂದು ಭಾವಿಸಿದ್ದು ನಮ್ಮಂಥ ಮಾಸ್ತರರ ಅಜ್ಞಾನ. ನಿಮಗೆ ಅಂದು ಆದ ಲಾಭವೇನಾದರೂ ಇದ್ದರೆ ಅದನ್ನೇ ನನ್ನ ಪಾಠದಿಂದ ಆದ ಲಾಭವೆಂದು ತಿಳಿಯಿರಿ.

ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಅಭ್ಯಾಸ. ಕೋಲಿನ ನಂತರ 20 ಕಿಲೋದ ಬರಿಯ ರಾಡು, ನಂತರ ಎರಡೂವರೆ ಕಿಲೋದಂತೆ ಏರಿಕೆ. ಎತ್ತಿದ್ದನ್ನೆಲ್ಲ ಒಂದು ನೋಟುಪುಸ್ತಕದಲ್ಲಿ ಬರೆದಿಡಬೇಕೆಂಬುದು ಅವನ ಕಟ್ಟಪ್ಪಣೆ. ವಾರದ ಕೊನೆಗೆ ಅದನ್ನು ಅವನು ಕೆಂಪು ಶಾಯಿಯ ಪೆನ್ನಿನಿಂದ ತಿದ್ದುತ್ತಿದ್ದ. ಒಮ್ಮೆ ನಾನು ಮಾಡದ ಐದನೆಯ ಸರದಿಯನ್ನು ಮಾಡಿದೆನೆಂದು ಬರೆದದ್ದನ್ನು ಹಿಡಿದುಬಿಟ್ಟ. ಏನೂ ಅನ್ನಲಿಲ್ಲ. ಕೆಂಪಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಹಾಕಿದ. ಸಾವಿರಾರು ಪುಸ್ತಕಗಳನ್ನು ತಿದ್ದಿದ ನನಗೆ ಆ ಒಂದು ಚಿಹ್ನೆ ತಾಗಿದಷ್ಟು ಬೇರಾವುದೂ ತಾಗಿಲ್ಲ. ಆಹಾರದಲ್ಲಿ ವಿಶೇಷವೇನಿಲ್ಲ. ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಎರಡು ಹೊತ್ತು ಮೊಸರು. ಡಬ್ಬಿಯ ಪುಡಿಗಳನ್ನು ಅವನು ನನಗೆ ತೋರಿಸಲೂ ಇಲ್ಲ. ನಾಲ್ಕು ತಿಂಗಳಾಗುವ ಹೊತ್ತಿಗೆ ನೆಲದಿಂದ ಕೈ ಊರದೆ ಏಳತೊಡಗಿದೆ. ಮನೆಯಾಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, "ಇನ್ನೊಮ್ಮೆ ಕುಂತು ಏಳ್ರಿ ನೋಡೂಣು" ಎಂದಳು. ಎದ್ದೆ. ಮಾರನೆಯ ವಾರ ತನಗೂ ಒಂದು ಕೋಲು ಬೇಕೆಂದಳು.

ಮುಪ್ಪಿನಲ್ಲಿ ಬಲ ಮರಳುವುದು ಪವಾಡವಲ್ಲ. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಮೆರಿಕದ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕೊನೆಯವರೆಗೆ ಉಳಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತು. ನಾವಾದರೋ ಅರವತ್ತು ದಾಟಿದವರ ಕೈಯಿಂದ ನೀರಿನ ಕೊಡವನ್ನೂ ಕಸಿದುಕೊಂಡು, "ನೀವು ಸುಮ್ಮನ ಕೂಡ್ರಿ" ಎನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ. ಕೂತು ಕೂತು ಏಳಲಾರದಂತಾದ ಮೇಲೆ ವಯಸ್ಸನ್ನು ದೂರುತ್ತೇವೆ.

ಸ್ಪರ್ಧೆಯ ಮಾತು ಎತ್ತಿದವನೂ ಅವನೇ. ನಾನು ಒಲ್ಲೆನೆಂದೆ. "ಪರೀಕ್ಷಾ ಇಲ್ಲದ ಓದು ಓದಲ್ಲ ಅಂತಿದ್ರಲ್ರಿ ಸರ್ ನೀವು?" ಎಂದ. ನನ್ನದೇ ಮಾತು. ಒಪ್ಪದೆ ಗತ್ಯಂತರವಿರಲಿಲ್ಲ.

ತಿಳಿಯದವರಿಗಾಗಿ ಆಟದ ಸ್ವರೂಪವನ್ನು ಹೇಳುತ್ತೇನೆ. ಒಲಿಂಪಿಕ್ಸ್‌ನಲ್ಲಿ ನೋಡುವ, ಭಾರವನ್ನು ತಲೆಯ ಮೇಲಕ್ಕೆ ಎತ್ತಿ ನಿಲ್ಲುವ ವೇಟ್‌ಲಿಫ್ಟಿಂಗ್ ಬೇರೆ. ಕುಂದಾಪುರ ಸೀಮೆಯ ಲಾರಿ ಚಾಲಕರ ಮಗ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 249 ಕಿಲೋ ಎತ್ತಿ ಬೆಳ್ಳಿ ತಂದದ್ದು ಅದರಲ್ಲಿ. ಪವರ್‌ಲಿಫ್ಟಿಂಗ್‌ನಲ್ಲಿ ಮೂರು ಭಾಗ: ಹೆಗಲ ಮೇಲೆ ಭಾರ ಹೊತ್ತು ಬಸ್ಕಿ ಹೊಡೆಯುವ ಸ್ಕ್ವಾಟ್, ಬೆಂಚಿನ ಮೇಲೆ ಅಂಗಾತ ಮಲಗಿ ಎದೆಯಿಂದ ಒತ್ತುವ ಬೆಂಚ್ ಪ್ರೆಸ್, ನೆಲದ ಮೇಲಿನ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್. ಪ್ರತಿಯೊಂದಕ್ಕೂ ಮೂರು ಅವಕಾಶ, ಮೂರರಲ್ಲಿ ಅತ್ಯುತ್ತಮವಾದದ್ದು ಲೆಕ್ಕಕ್ಕೆ. ಮೂರೂ ತಪ್ಪಿದರೆ ಮನೆಗೆ. ಅಂಗವಿಕಲರ ಪ್ಯಾರಾಲಿಂಪಿಕ್ಸ್‌ನಲ್ಲಿ ಬೆಂಚ್ ಪ್ರೆಸ್ ಒಂದೇ ಇದೆ. ಬೆಂಗಳೂರಿನ ಫರ್ಮಾನ್ ಬಾಷಾ 2016ರಲ್ಲಿ ರಿಯೋದಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದದ್ದು ಅದರಲ್ಲಿಯೇ.

ಮೂವರು ತೀರ್ಪುಗಾರರು ಮೂರು ದಿಕ್ಕಿನಲ್ಲಿ ಕುಳಿತು ಬಿಳಿ ಅಥವಾ ಕೆಂಪು ದೀಪ ಹಾಕುತ್ತಾರೆ. ಎರಡು ಬಿಳಿ ಬಿದ್ದರೆ ಎತ್ತಿದ್ದು ಸಿಂಧು. ನನಗೆ ಬಹಳ ಹಿಡಿಸಿದ್ದು ಇಲ್ಲಿನ ಅಪ್ಪಣೆಗಳ ಶಿಸ್ತು. ಭಾರ ಎದೆಗೆ ತಾಗಿ ನಿಶ್ಚಲವಾಗುವವರೆಗೆ 'ಪ್ರೆಸ್' ಎಂಬ ಅಪ್ಪಣೆ ಬರುವುದಿಲ್ಲ. ಅಪ್ಪಣೆಗೆ ಮುಂಚೆ ಒತ್ತಿದರೆ, ಎಷ್ಟೇ ಭಾರವನ್ನು ಎತ್ತಿದ್ದರೂ ಕೆಂಪು ದೀಪ. ಬಲವಿದ್ದರೆ ಸಾಲದು, ಅದನ್ನು ತಡೆದು ಹಿಡಿಯಲೂ ಬರಬೇಕು. ಗುಂಡು ಎತ್ತುವವರನ್ನು ದಡ್ಡರೆಂದು ತಿಳಿದಿದ್ದ ನನಗೆ, ತುಂಬು ಭಾರದಡಿಯಲ್ಲಿ ಕಿವಿ ತೆರೆದಿಟ್ಟುಕೊಂಡು ಕಾಯುವುದು ಎಂಥ ಏಕಾಗ್ರತೆ ಎಂಬುದು ಅಲ್ಲಿ ಮಲಗಿದಾಗ ತಿಳಿಯಿತು.

ಇಳಕಲ್, ಕುಷ್ಟಗಿ, ಹೊಸಪೇಟೆ ದಾಟಿ ದಾವಣಗೆರೆ ಸೇರಿದೆವು. ಬೆಳಗ್ಗೆ ತೂಕ ನೋಡಿದರು: 64.3 ಕಿಲೋ. ಹಾಗಾಗಿ 66 ಕಿಲೋದ ವರ್ಗ. ಉಡುಪಿನದೇ ದೊಡ್ಡ ಸಂಕಟ. ಮೈಗಂಟುವ, ತೋಳಿಲ್ಲದ, ತೊಡೆಯವರೆಗಿನ ಒಂದೇ ತುಂಡು ಬಟ್ಟೆ! ಇಸ್ತ್ರಿ ಮಾಡಿದ ಅಂಗಿಯಿಲ್ಲದೆ ಮೂವತ್ತಮೂರು ವರ್ಷ ಮನೆಯ ಹೊಸ್ತಿಲು ದಾಟದ ನಾನು ಅದನ್ನು ಧರಿಸಿ ಕನ್ನಡಿಯ ಮುಂದೆ ನಿಂತಾಗ, ಹಲ್ಲಿಗೆ ಲಂಗೋಟಿ ಕಟ್ಟಿದಂತಿತ್ತು. ಅಲ್ಲಿದ್ದ ಇಪ್ಪತ್ತರ ಹುಡುಗರು ಒಬ್ಬರೂ ನಗಲಿಲ್ಲ. "ಅಜ್ಜಾರ, ಪಟ್ಟಾ ಸ್ವಲ್ಪ ಬಿಗಿ ಮಾಡ್ರಿ" ಎಂದು ಒಬ್ಬ ತಾನೇ ಬಂದು ಕಟ್ಟಿದ.

ಮೊದಲ ಸ್ಕ್ವಾಟ್ 60 ಕಿಲೋ. ಅಭ್ಯಾಸದಲ್ಲಿ ಎಷ್ಟೋ ಸಲ ಮಾಡಿದ್ದು. ಸಲೀಸಾಗಿ ಎದ್ದೆನೆಂದು ಹಿಗ್ಗಿ ನೋಡಿದರೆ ಎರಡು ಕೆಂಪು. ಸೊಂಟದ ಮಡಿಕೆ ಮಂಡಿಯ ಮೇಲ್ಭಾಗಕ್ಕಿಂತ ಕೆಳಗಿಳಿಯಬೇಕೆಂಬುದು ನಿಯಮ, ನಾನು ಇಳಿದಿರಲಿಲ್ಲ. "ಅರ್ಧಾ ಕುಂತು ಎದ್ದೀರಿ" ಎಂದಷ್ಟೇ ಹೇಳಿದ ನನ್ನ ಗುರು. ಎರಡನೆಯ ಸಲ ಅದೇ 60ಕ್ಕೆ ಮೂರು ಬಿಳಿ, ಮೂರನೆಯದು 67.5. ಬೆಂಚಿನಲ್ಲಿ 40 ದಾಟಿತು. 45ರಲ್ಲಿ ಅಪ್ಪಣೆಗೆ ಮುಂಚೆ ಒತ್ತಿ ಕೆಂಪು, ಮತ್ತೆ 45 ಹಾಕಿಸಿ ಕಾದು ಒತ್ತಿ ಬಿಳಿ. ಅರವತ್ತಾರರಲ್ಲಿಯೂ ಆತುರ ಹೋಗಿಲ್ಲ ನೋಡಿ.

ಡೆಡ್‌ಲಿಫ್ಟ್‌ನಲ್ಲಿ 90 ಆಯಿತು. ಎರಡನೆಯದಕ್ಕೆ ಅವನು ನನ್ನನ್ನು ಕೇಳದೆ ಬರೆಸಿದ್ದು 100. ಒಂದು ಕ್ವಿಂಟಲ್. ರಾಡಿನ ಎರಡೂ ಬದಿಗೆ 25ರ ಕೆಂಪು ಪ್ಲೇಟು, ಪಕ್ಕದಲ್ಲಿ 10ರದು, ಅದರಾಚೆ ಎರಡೂವರೆಯದು, ಎರಡೂವರೆಯದೇ ಬಿಗಿ. ಕೈಗೆ ಬಿಳಿ ಪುಡಿ ಹಚ್ಚಿಕೊಂಡು ಬಾಗಿದೆ. ಮೊದಲ ಕ್ಷಣ ಏನೂ ಆಗಲಿಲ್ಲ. ನೆಲವೇ ಅದನ್ನು ಹಿಡಿದುಕೊಂಡಂತಿತ್ತು. ನಂತರ ಬಂದಿತು. ಮೊಣಕಾಲು ದಾಟಿತು. ಭುಜ ಹಿಂದಕ್ಕೆ ಹೋಗಿ ನೆಟ್ಟಗೆ ನಿಂತೆ.

ನಿಂತೆ, ಆದರೆ ಇಳಿಸುವಂತಿಲ್ಲ. ಭಾರ ಪೂರ್ತಿ ನಿಶ್ಚಲವಾದ ಮೇಲೆ ಮುಖ್ಯ ತೀರ್ಪುಗಾರರು ಕೈ ಇಳಿಸಿ 'ಡೌನ್' ಎನ್ನಬೇಕು. ಅದು ಒಂದೆರಡು ಸೆಕೆಂಡಿನ ಮಾತು. ಆ ಒಂದೆರಡು ಸೆಕೆಂಡಿನಲ್ಲಿ ರಾಡು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಬೆರಳುಗಳು ಒಂದೊಂದಾಗಿ ಬಿಚ್ಚತೊಡಗಿದವು, ತೊಡೆ ನಡುಗಿತು, ಹಣೆಯ ಬೆವರು ಕಣ್ಣಿಗೆ ಇಳಿಯಿತು. ಸ್ಥಾನಪಲ್ಲಟ ಸೊನ್ನೆ. ಕೆಲಸ ಸೊನ್ನೆ. ಕೊನೆಯ ಬೆಂಚಿನ ಹುಡುಗ ಎದ್ದು ನಿಂತು ಕೇಳಿದ ಮಾತು ಅಕ್ಷರಶಃ ನನ್ನ ಕಿವಿಯಲ್ಲಿತ್ತು. ಅವನೂ ಎದುರಿಗೆ, ವೇದಿಕೆಯ ಕೆಳಗೆ, ಮುಷ್ಟಿ ಬಿಗಿದು ನಿಂತಿದ್ದ.

ಮೂರು ಬಿಳಿ. ಮೂರನೆಯ ಯತ್ನದಲ್ಲಿ 107.5 ಮೊಣಕಾಲು ದಾಟಲಿಲ್ಲ.

ಈಗ ಆ ಉತ್ತರ. 1994ರ ತರಗತಿಯವರು ದಯವಿಟ್ಟು ಗಮನಿಸಿ. 100 ಕಿಲೋವನ್ನು ಅರ್ಧ ಮೀಟರು ಎತ್ತಿದಾಗ ಭಾರದ ಮೇಲೆ ನಾನು ಮಾಡಿದ ಕೆಲಸ 490 ಜೂಲ್. ಒಂದು ಶೇಂಗಾ ಬೀಜದೊಳಗಿನ ಶಕ್ತಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು! ಹಿಡಿದು ನಿಂತಾಗ ಭಾರದ ಮೇಲೆ ಆಗುವ ಕೆಲಸ ಸೊನ್ನೆಯೇ. ಸೂತ್ರ ತಪ್ಪಲ್ಲ. ಆದರೆ ಸ್ನಾಯು ಮೇಜಿನಂತಲ್ಲ. ಮೇಜಿನ ಮೇಲೆ ಕಲ್ಲಿಟ್ಟರೆ ಮೇಜು ದಣಿಯದು. ಸ್ನಾಯುವಿನ ಒಳಗೆ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನಿನ ಎಳೆಗಳಿವೆ. ಮಯೋಸಿನ್ನಿನ ಸೂಕ್ಷ್ಮ ತುದಿಗಳು ಆಕ್ಟಿನ್ನನ್ನು ಹಿಡಿಯುತ್ತವೆ, ಜಗ್ಗುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಇಳಿಜಾರಿನಲ್ಲಿ ತೇರು ಜಾರದಂತೆ ನೂರು ಜನ ಹಗ್ಗ ಹಿಡಿದು ನಿಂತಾಗ, ತೇರು ನಿಂತಲ್ಲಿಯೇ ನಿಂತಿದ್ದರೂ, ಒಬ್ಬೊಬ್ಬರ ಕೈಯೂ ಜಾರಿ ಮತ್ತೆ ಮತ್ತೆ ಹಗ್ಗ ಹಿಡಿಯುತ್ತಿರುತ್ತದಲ್ಲ, ಹಾಗೆ. ಪ್ರತಿಯೊಂದು ಹಿಡಿತಕ್ಕೂ ದೇಹ ಶಕ್ತಿಯನ್ನು ವ್ಯಯಿಸುತ್ತದೆ. ಅದೆಲ್ಲ ಶಾಖವಾಗುತ್ತದೆ. ಶಾಖವನ್ನು ಕಳೆಯಲು ಬೆವರು. ಹೊರಗೆ ಕೆಲಸವಿಲ್ಲ, ಒಳಗೆ ಬಿಡುವಿಲ್ಲ. ಈ ಎಳೆಗಳು ಒಂದರ ಮೇಲೊಂದು ಸರಿಯುತ್ತವೆ ಎಂಬುದನ್ನು ಎರಡು ಸಂಶೋಧಕ ತಂಡಗಳು 1954ರಲ್ಲಿಯೇ, ನಾನು ಹುಟ್ಟುವ ಮೊದಲೇ, ಪ್ರಕಟಿಸಿದ್ದವು. ಹುಡುಗ ಕೇಳಿದ ದಿನ ಉತ್ತರ ಪುಸ್ತಕಗಳಲ್ಲಿ ಇತ್ತು. ನಾನು ಹುಡುಕಲಿಲ್ಲ.

ನನ್ನ ಸೇವಾವಧಿಯಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ರ‍್ಯಾಂಕಿನ ವಿದ್ಯಾರ್ಥಿಯೂ ನನಗೆ ಕೇಳಿಲ್ಲ. ಗುಂಡು ಎತ್ತದೇ ಇದ್ದವನಿಗೆ ಅದು ಹೊಳೆಯುವುದೂ ಸಾಧ್ಯವಿರಲಿಲ್ಲ. ಅದಕ್ಕಾಗಿಯೇ ನಾನು ಹೇಳುವುದು: ಮೈಬಲವನ್ನು ದಡ್ಡತನದ ಗುರುತೆಂದು ಶಾಲೆಯ ಬಾಗಿಲಲ್ಲಿಯೇ ತಡೆದು ನಾವು ಬುದ್ಧಿಗೂ ನಷ್ಟ ಮಾಡಿಕೊಂಡಿದ್ದೇವೆ. ಈ ಪಾಪದಲ್ಲಿ ನನ್ನ ಪಾಲು ಚಿಕ್ಕದಲ್ಲ. ಜನವರಿ ಬಂದಿತೆಂದರೆ ಪಿ.ಟಿ. ಮಾಸ್ತರರಿಂದ ಹತ್ತನೆಯ ತರಗತಿಯ ಆಟದ ಅವಧಿಯನ್ನು ಕೇಳಿ ಪಡೆದು ಪಾಠ ಮುಗಿಸುತ್ತಿದ್ದವನು ನಾನು. ಅವರು ಮುಖ ಬಾಡಿಸಿಕೊಂಡು ಕೊಡುತ್ತಿದ್ದರು. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಹಲವರಿದ್ದೀರಿ. ಆ ಅವಧಿಯನ್ನು ದಯವಿಟ್ಟು ಕಸಿಯಬೇಡಿ. ಶಾಲಾ ಕ್ರೀಡಾಕೂಟದಲ್ಲಿ ಗುಂಡು ಎಸೆತವಿದೆ, ಗುಂಡು ಎತ್ತುವುದಿಲ್ಲ. ಊರ ಗುಡಿಯ ಮುಂದಿನ ಕಲ್ಲನ್ನು ಒಮ್ಮೆ ಮಕ್ಕಳಿಂದಲೇ ತೂಗಿಸಿ, ತ್ರಿಜ್ಯ ಅಳೆಸಿ, ಸಾಂದ್ರತೆ ಕಂಡುಹಿಡಿಸಿ. ಎತ್ತಲು ಮನಸ್ಸಿರುವವರಿಗೆ ಬೆನ್ನು ಬಾಗಿಸದೆ ಎತ್ತುವುದನ್ನು ಬಲ್ಲವರಿಂದ ಕಲಿಸಿ. ಹೆಣ್ಣುಮಕ್ಕಳನ್ನು ಬಿಡಬೇಡಿ. ಅವನ ಜಿಮ್ಮಿಗೆ ಈಗ ನಾಲ್ಕು ಜನ ಹುಡುಗಿಯರು ಬರುತ್ತಿದ್ದಾರೆ. ಕೊಡ ಹೊತ್ತು, ಮೇವಿನ ಹೊರೆ ಹೊತ್ತು ಬೆಳೆದವರಿಗೆ ರಾಡು ಹೊಸತೆನಿಸಿಲ್ಲ. ಒಲಿಂಪಿಕ್ಸ್‌ನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ, 2000ದ ಸಿಡ್ನಿಯಲ್ಲಿ ಕರ್ಣಂ ಮಲ್ಲೇಶ್ವರಿ, ಪದಕ ತಂದದ್ದು ಭಾರ ಎತ್ತಿಯೇ ಅಲ್ಲವೇ?

ನನ್ನ ಸಹೋದ್ಯೋಗಿ ಮಿತ್ರರೊಬ್ಬರು ಇದನ್ನು ಒಪ್ಪುವುದಿಲ್ಲ. ಜಾತ್ರೆಯಲ್ಲಿ ಪಂತ ಕಟ್ಟಿ ಕಲ್ಲು ಎತ್ತಿ ಸೊಂಟ ಮುರಿದುಕೊಂಡವರ ಪಟ್ಟಿಯನ್ನೇ ಮುಂದಿಡುತ್ತಾರೆ. ಅವರ ಮಾತಿನಲ್ಲಿ ತಿರುಳಿದೆ. ಅಲ್ಲಿ ತೂಕದ ವರ್ಗವಿಲ್ಲ, ಕಲಿಸುವವರಿಲ್ಲ, ಸಾಕು ಎನ್ನುವವರೂ ಇಲ್ಲ. ದುಡಿಮೆಯ ಭಾರವನ್ನೂ ನಾನು ಹಾಡಿ ಹೊಗಳಲಾರೆ. ಸಿಂಧನೂರಿನ ಕಡೆ ನೆಲ್ಲಿನ ದರವನ್ನು 75 ಕಿಲೋ ಚೀಲದ ಲೆಕ್ಕದಲ್ಲಿ ಹೇಳುತ್ತಾರೆ. ಒಬ್ಬ ವಯಸ್ಕ ಗಂಡಸು ಹೊರಬೇಕಾದ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ಶಿಫಾರಸು ಮಾಡಿದೆ. ನನ್ನ ಗುರುವಿನ ಎಡ ಭುಜ ಇಂದಿಗೂ ಪೂರ್ತಿ ಮೇಲೇಳುವುದಿಲ್ಲ. ಅದು ಸ್ಪರ್ಧೆಯಲ್ಲಿ ಆದದ್ದಲ್ಲ, ಹಮಾಲಿಯಲ್ಲಿ ಆದದ್ದು. ಕಲಿಸುವವರಿದ್ದಿದ್ದರೆ ಎಂದು ನಾನು ಮಿತ್ರರಿಗೆ ಹೇಳುತ್ತೇನೆ. ವಾದ ಇನ್ನೂ ಮುಗಿದಿಲ್ಲ.

ಹಿಂದಿರುಗುವಾಗ, ಹೊಸಪೇಟೆ ದಾಟಿದ ಮೇಲೆ, ಬಸ್ಸಿನಲ್ಲಿ ಅದೇ ನೋಟುಪುಸ್ತಕ ತೆರೆದು ಆಕ್ಟಿನ್ ಮಯೋಸಿನ್ನುಗಳ ಚಿತ್ರ ಬರೆದು ಅವನಿಗೆ ವಿವರಿಸಿದೆ. 1994ರ ಮಾತನ್ನೂ ಎತ್ತಿದೆ, ತಪ್ಪಾಯಿತಪ್ಪ ಎಂದೆ. ಅವನು ಕಿಟಕಿಯ ಕಡೆ ನೋಡಿದ. ಸ್ವಲ್ಪ ಹೊತ್ತಿನ ಮೇಲೆ, "ನನಗ ಅದು ನೆನಪೈತ್ರಿ ಸರ್" ಎಂದಷ್ಟೇ ಹೇಳಿದ. ಪರವಾಗಿಲ್ಲ ಎನ್ನಲಿಲ್ಲ. ಎನ್ನದಿದ್ದುದೇ ಸರಿ ಎಂದು ನನಗೆ ಅನ್ನಿಸಿತು.

ಕುಷ್ಟಗಿ ಹತ್ತಿರ ಬಂದಾಗ ಚಿತ್ರವನ್ನು ಮತ್ತೊಮ್ಮೆ ನೋಡಿ ಕೇಳಿದ: "ಸರ್, ಎತ್ತೂ ಮುಂದ ಶಕ್ತಿ ಹೋಗತೈತಿ, ಹಿಡಿಯೂ ಮುಂದ ಹೋಗತೈತಿ, ತಿಳೀತು. ಇಳಿಸೂ ಮುಂದ? ಆವಾಗ ಭಾರನ ನಮ್ಮನ್ನ ಜಗ್ಗತೈತಿ. ಶಕ್ತಿ ನಮಗ ವಾಪಸ್ ಬರಬೇಕಲ್ರಿ? ಮತ್ತ ಮೆಲ್ಲಕ ಇಳಿಸಿದ ಮರುದಿನಾನ ಮೈ ಯಾಕ ಜಾಸ್ತಿ ನೋಯತೈತಿ?"

ನಾನು ಪುಸ್ತಕ ಮಡಚಿದೆ. "ಗೊತ್ತಿಲ್ಲಪ್ಪ. ನೋಡಿ ನಾಳೆ ಹೇಳುತ್ತೇನೆ" ಎಂದೆ.